ಮೊದಲ ವಾರದ ಮಕ್ಕಳು

ಡಾಕ್ಟರ್ ಪಿಲ್ಲಿಂಗ್ ಎಂಬ ಮನುಷ್ಯ ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಸತ್ತುಹೋಗಿದ್ದಾನೆ. ಆದರೂ ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯನ್ನೆಲ್ಲ ನಾನು ಅವನನ್ನು ಬೈಯುವುದರಲ್ಲೇ ಕಳೆದೆ. ನೂರು ವರ್ಷದ ಹಿಂದೆ ಇಂಗ್ಲೆಂಡಿನ ಸ್ಕಾರ್‌ಬೆಕ್ ಎಂಬ ಹತ್ತಿಗಿರಣಿಯ ಊರಿಗೆ ಈತ ಆರೋಗ್ಯಾಧಿಕಾರಿ. ಊರಲ್ಲಿ ಎಷ್ಟು ಜನ ಹುಟ್ಟಿದರು, ಎಷ್ಟು ಜನ ಸತ್ತರು, ಸತ್ತವರಲ್ಲಿ ವರ್ಷ ತುಂಬದ ಕೂಸುಗಳೆಷ್ಟು ಎಂದು ವರ್ಷಕ್ಕೊಂದು ವರದಿ ಬರೆದು ಅಚ್ಚು ಹಾಕಿಸುತ್ತಿದ್ದ. ಆ ವರದಿಗಳನ್ನು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಕೂತು ಒಂದೊಂದೇ ಅಂಕಿಯಾಗಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸವಾಗಿತ್ತು.

ಕೆಲಸ ಎನ್ನಬಾರದು. ಔಸ್‌ಲೆಂಡರ್‌ಬೆಹೋರ್ಡೆಯವರು, ಅಂದರೆ ವಿದೇಶಿಯರ ಕಚೇರಿಯವರು, ಈ ಹೆಂಗಸು ಒಂದು ವರ್ಷ ಕೆಲಸ ಮಾಡಕೂಡದು ಎಂದು ನನ್ನ ಪಾಸ್‌ಪೋರ್ಟಿನಲ್ಲಿ ಮೊಹರು ಒತ್ತಿದ್ದರು. ಜರ್ಮನಿಯವರು ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದದ್ದು ನನ್ನ ಗಂಡ. ವಾಲ್‌ಡಾರ್ಫಿನ ಹತ್ತಿರ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದರು. ಹೆಂಡತಿಯರು ಸೂಟ್‌ಕೇಸಿನ ಜೊತೆ ಬಂದ ಇನ್ನೊಂದು ಸಾಮಾನು. ಬಂದ ಮೇಲೆ ಪಾರ್ಕಿನಲ್ಲಿ ಕೂತು, ಕುಕ್ಕರಿನ ಗ್ಯಾಸ್ಕೆಟ್ ಇಲ್ಲಿ ಎಲ್ಲಿ ಸಿಗುತ್ತದೆ ಎಂದು ಮಾತಾಡಿಕೊಂಡಿರಬೇಕು. ಎರಡು ತಿಂಗಳು ನಾನೂ ಅದನ್ನು ಮಾಡಿದೆ. ಆಮೇಲೆ ಗ್ಯಾಸ್ಕೆಟ್ ಎಂಬ ಶಬ್ದ ಕೇಳಿದರೆ ಸಾಕು, ತಲೆ ಚಿಟ್ಟು ಹಿಡಿಯುತ್ತಿತ್ತು.

ನನ್ನ ಹೆಸರು ಕಾಂತಾಮಣಿ. ಊರಲ್ಲಿ ನಾನು ಜಿಲ್ಲಾ ಆರೋಗ್ಯ ಕಚೇರಿಯ ಅಂಕಿಅಂಶ ಸಹಾಯಕಿ. ಹನ್ನೊಂದು ವರ್ಷದ ಸರ್ವಿಸು, ಈಗ ಸಂಬಳವಿಲ್ಲದ ರಜೆ. ಯಾವ ಜಿಲ್ಲೆ ಎಂದು ಹೇಳುವುದಿಲ್ಲ. ರಜೆ ಮುಗಿದ ಮೇಲೆ ಅದೇ ಕುರ್ಚಿಗೆ ವಾಪಸು ಹೋಗಬೇಕಾಗಿ ಬರಬಹುದು.

ಪ್ರೊಫೆಸರ್ ಗೋಪಿನಾಥರು ಸಿಕ್ಕಿದ್ದು ಯುಗಾದಿ ಊಟದಲ್ಲಿ. ಇಪ್ಪತ್ತೆಂಟು ವರ್ಷದಿಂದ ಜರ್ಮನಿಯಲ್ಲಿರುವವರು. ಹಿಂದಿನ ಕಾಲದಲ್ಲಿ ಜನ ಹೇಗೆ ಹುಟ್ಟಿ ಹೇಗೆ ಸತ್ತರು ಎಂಬ ಇತಿಹಾಸ ಅವರ ವಿಷಯ. ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ ಎಲ್ಲರೂ ಕಾಗದದ ತಟ್ಟೆ ಹಿಡಿದು ಕಾಯುತ್ತಿರುವಾಗ ಅವರು ಕನ್ನಡ ಉಳಿಸುವುದರ ಬಗ್ಗೆ ಇಪ್ಪತ್ತು ನಿಮಿಷ ಭಾಷಣ ಮಾಡಿದರು. ಅವರ ಮಕ್ಕಳಿಬ್ಬರಿಗೂ ಕನ್ನಡದಲ್ಲಿ ನೀರು ಕೇಳುವುದಕ್ಕೂ ಬರುವುದಿಲ್ಲ ಎಂದು ಪಕ್ಕದವರು ನನ್ನ ಕಿವಿಯಲ್ಲಿ ಹೇಳಿದರು. ಅಷ್ಟರಲ್ಲಿ ಪಾಯಸ ಗಟ್ಟಿಯಾಗಿ ಸೌಟಿಗೆ ಅಂಟಿಕೊಂಡಿತ್ತು.

"ಏನು ಓದಿದ್ದೀರಮ್ಮಾ?" ಎಂದು ಕೇಳಿದರು, ನನ್ನ ಗಂಡನನ್ನು ನೋಡುತ್ತ.

"ಬಿಎಸ್ಸಿ ಸ್ಟ್ಯಾಟಿಸ್ಟಿಕ್ಸ್. ಡಿಸ್ಟ್ರಿಕ್ಟ್ ಹೆಲ್ತ್ ಆಫೀಸಲ್ಲಿ ಬರ್ತ್ಸ್ ಅಂಡ್ ಡೆತ್ಸ್ ಸೆಕ್ಷನ್ನು," ಎಂದೆ ನಾನೇ.

ಆಗ ನನ್ನ ಕಡೆ ತಿರುಗಿದರು. "ಓಹೋ! ಹಾಗಾದ್ರೆ ನೀವು ನಮ್ಮೋರೇ! ಮನೇಲಿ ಸುಮ್ನೆ ಬೋರ್ ಹೊಡಸ್ಕೊಂಡು ಯಾಕ್ ಕೂತಿರ್ತೀರಿ? ನಮ್ಮ ಇನ್‌ಸ್ಟಿಟ್ಯೂಟಿಗೆ ಬನ್ನಿ. ಅನ್‌ಪೇಡ್ ಆದ್ರೆ ಬೆಹೋರ್ಡೆ ಏನೂ ಅನ್ನಲ್ಲ. ನಿಮಗೂ ಒಂದು ಟೈಮ್‌ಪಾಸು."

ಹನ್ನೊಂದು ವರ್ಷದ ಸರ್ವಿಸಿಗೆ ಟೈಮ್‌ಪಾಸು ಎಂಬ ಹೆಸರು. ಆದರೂ ಹೋದೆ. ಅತಿಥಿ ಎಂದು ಬರೆದ ಒಂದು ಕಾರ್ಡು ಕೊಟ್ಟರು, ಜೆರಾಕ್ಸ್ ಮೆಷಿನ್ನಿನ ಪಕ್ಕ ಒಂದು ಮೇಜು ಕೊಟ್ಟರು. ಮೇಜಿನ ಮೇಲೆ ಸ್ಕಾರ್‌ಬೆಕ್‌ನ ಹನ್ನೆರಡು ವರ್ಷದ ವರದಿಗಳು, ಆ ಊರಿನ ಹಳೆಯ ಪುಸ್ತಕಗಳ ಫೋಟೋ ತುಂಬಿದ ಒಂದಷ್ಟು ಸಿ.ಡಿ.ಗಳು. ವರದಿ ಸಾಕು, ಸಿ.ಡಿ. ಮುಟ್ಟುವ ಅಗತ್ಯವಿಲ್ಲ ಎಂದು ಪ್ರೊಫೆಸರು ಹೇಳಿ ಹೋದರು.

ಪಿಲ್ಲಿಂಗ್ ಸಾಹೇಬನ ವರದಿ ಓದಬೇಕು ನೀವು. ಸಾವಿರದ ಒಂಬೈನೂರ ನಾಲ್ಕರಲ್ಲಿ ಸ್ಕಾರ್‌ಬೆಕ್‌ನಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ನೂರ ತೊಂಬತ್ತು ಕೂಸುಗಳು ವರ್ಷ ತುಂಬುವ ಮುಂಚೆ ಸತ್ತವು. ಐದರಲ್ಲಿ ಒಂದು. ಕಾರಣ ಏನು ಎಂದರೆ ಸಾಹೇಬ ಮೂರು ಪುಟ ಬರೆದಿದ್ದಾನೆ: ತಾಯಂದಿರ ಅಜ್ಞಾನ. ಅವರು ಮಗುವಿಗೆ ಬ್ರೆಡ್ಡು ನೆನೆಸಿ ತಿನ್ನಿಸುತ್ತಾರೆ, ಬಾಟಲಿ ತೊಳೆಯುವುದಿಲ್ಲ, ಹೆತ್ತ ಮೂರನೇ ವಾರಕ್ಕೆ ಗಿರಣಿಗೆ ಓಡುತ್ತಾರೆ, ಅವರಿಗೆ ಮಾತೃಪ್ರೇಮವೇ ಕಡಿಮೆ. ಮೂರನೇ ವಾರಕ್ಕೆ ಗಿರಣಿಗೆ ಓಡುವುದೇನು ಷೋಕಿಗೋ? ಅದನ್ನು ಅವನು ಕೇಳಿಕೊಳ್ಳಲಿಲ್ಲ. ನಲವತ್ತು ಮನೆಗೆ ಆರು ಕಕ್ಕಸು, ಅದರ ಪಕ್ಕದಲ್ಲೇ ನೀರಿನ ನಲ್ಲಿ ಎಂಬ ವಿಷಯಕ್ಕೆ ನಾಲ್ಕು ಸಾಲು. ಆ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದವರು ಯಾರು ಎಂದು ವರದಿಯ ಕೊನೆಯ ಪಟ್ಟಿಯಲ್ಲಿ ನೋಡಿದರೆ ಮೂವರು ಪುರಸಭೆಯ ಸದಸ್ಯರು. ಸಾಹೇಬನ ವರದಿಗೆ ಒಪ್ಪಿಗೆ ಕೊಡುವವರೂ ಅವರೇ.

ನನಗೆ ಆಶ್ಚರ್ಯವೇನೂ ಆಗಲಿಲ್ಲ. 'ತಾಯಂದಿರ ಅಜ್ಞಾನ ಮತ್ತು ಮೂಢನಂಬಿಕೆಯೇ ಶಿಶು ಮರಣಕ್ಕೆ ಮುಖ್ಯ ಕಾರಣವಾಗಿರುತ್ತದೆ' ಎಂಬ ವಾಕ್ಯವನ್ನು ನಾನೇ ವರ್ಷ ವರ್ಷ ಟೈಪು ಮಾಡಿದ್ದೇನೆ. ಇಸವಿ ಬದಲಾಯಿಸಿದರೆ ಮುಗಿಯಿತು, ಉಳಿದದ್ದು ಹಾಗೆಯೇ ಇರುತ್ತಿತ್ತು. ಬೆಳ್ಳಗಿದ್ದವನೂ ಅದನ್ನೇ ಬರೆಯುತ್ತಿದ್ದ ಎಂದು ತಿಳಿದು ಸ್ವಲ್ಪ ಸಮಾಧಾನವೇ ಆಯಿತು.

ಆಮೇಲೆ ಪವಾಡ ಶುರುವಾಗುತ್ತದೆ. ಪಿಲ್ಲಿಂಗ್ ಊರಲ್ಲಿ ಒಂದು ಹಾಲಿನ ಕೇಂದ್ರ ತೆರೆಯುತ್ತಾನೆ. ಶುದ್ಧ ಹಾಲು, ಕುದಿಸಿದ ಬಾಟಲಿ, ಕೈಗೊಂದು ಉಪದೇಶದ ಚೀಟಿ. ಐದು ವರ್ಷದಲ್ಲಿ ನೂರ ತೊಂಬತ್ತು ಹೋಗಿ ನೂರ ನಲವತ್ತಾಗುತ್ತದೆ. ಲಂಡನ್ನಿನಿಂದ ಜನ ನೋಡಲು ಬರುತ್ತಾರೆ, ಸಾಹೇಬನಿಗೆ ಒಂದು ಪದಕ. ಗೋಪಿನಾಥರ ಪುಸ್ತಕ ನಿಂತಿದ್ದದ್ದು ಈ ಪವಾಡದ ಮೇಲೆ. ಒಬ್ಬ ದಕ್ಷ ಅಧಿಕಾರಿ, ಒಂದು ಸರಳ ಉಪಾಯ, ಬಡ ದೇಶಗಳಿಗೆ ಇಂದಿಗೂ ಪಾಠ. ಒಂದು ಪ್ರತಿಷ್ಠಾನ ಅದಕ್ಕೆ ಹಣ ಸಹಾಯ ಮಾಡುತ್ತಿತ್ತು, ಅಕ್ಟೋಬರಿನಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅವರ ಮುಂದೆ ಪ್ರೊಫೆಸರರ ಉಪನ್ಯಾಸವಿತ್ತು.

ಇಳಿಯುವ ಆ ಗೆರೆಯನ್ನು ನಾನೇ ಕಂಪ್ಯೂಟರಿನಲ್ಲಿ ಎಳೆದೆ. ಎಳೆದು ಅರ್ಧ ಗಂಟೆ ನೋಡುತ್ತ ಕೂತೆ. ಹನ್ನೊಂದು ವರ್ಷ ಇಂಥ ಗೆರೆ ಎಳೆದವಳ ಮೂಗಿಗೆ ಕೆಲವು ವಾಸನೆ ಬೇಗ ಹೊಡೆಯುತ್ತದೆ.

ಹಾಲಿನಿಂದ ಉಳಿಯುವ ಮಕ್ಕಳು ಯಾವುವು? ಎರಡು ತಿಂಗಳು, ಆರು ತಿಂಗಳು, ಹತ್ತು ತಿಂಗಳಿನವು. ಬೇಸಿಗೆಯಲ್ಲಿ ಕೆಟ್ಟ ಹಾಲು ಕುಡಿದು ಭೇದಿಯಾಗಿ ಸಾಯುವಂಥವು. ಪಿಲ್ಲಿಂಗನ ಪಟ್ಟಿಯನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದೆ. ಭೇದಿಯಿಂದ ಸತ್ತ ಮಕ್ಕಳು ಮೊದಲು ಐವತ್ತು, ಐದು ವರ್ಷವಾದ ಮೇಲೆ ನಲವತ್ತಾರು. ಅಷ್ಟೆ. ಹಾಗಾದರೆ ಸಾವು ಕಡಿಮೆಯಾದದ್ದು ಎಲ್ಲಿ? ಹುಟ್ಟಿದ ಮೊದಲ ವಾರದಲ್ಲಿ. ಅರವತ್ತೆಂಟು ಇದ್ದದ್ದು ಹದಿನಾಲ್ಕಕ್ಕೆ ಇಳಿದಿತ್ತು. ಮೊದಲ ವಾರದ ಕೂಸು ಹಾಲಿನ ಕೇಂದ್ರದ ಮುಖವನ್ನೇ ನೋಡಿರುವುದಿಲ್ಲ. ದಿನ ತುಂಬದೆ ಹುಟ್ಟಿದ್ದು, ಉಸಿರು ಕಟ್ಟಿದ್ದು, ಒಂದೂವರೆ ಕಿಲೋ ತೂಗಿದ್ದು. ಅವನ್ನು ಉಳಿಸುವ ವಿದ್ಯೆ ಆ ಕಾಲದ ಸ್ಕಾರ್‌ಬೆಕ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದು ಹಾಲಿನ ಕೆಲಸವಲ್ಲ, ಪೆನ್ನಿನ ಕೆಲಸ ಎಂದು ನನಗೆ ಅಲ್ಲೇ ಖಾತ್ರಿಯಾಯಿತು.

ಮುಟ್ಟಬೇಡಿ ಎಂದಿದ್ದ ಸಿ.ಡಿ. ಹಾಕಿದೆ. ಸತ್ತು ಹುಟ್ಟಿದ ಮಗುವನ್ನು ಎಲ್ಲಾದರೂ ನೋಂದಾಯಿಸಬೇಕು ಎಂಬ ಕಾನೂನು ಆಗಿನ ಇಂಗ್ಲೆಂಡಿನಲ್ಲಿರಲಿಲ್ಲ. ಅದು ಹುಟ್ಟಿನ ಪಟ್ಟಿಯಲ್ಲೂ ಇಲ್ಲ, ಸಾವಿನ ಪಟ್ಟಿಯಲ್ಲೂ ಇಲ್ಲ. ಸೂಲಗಿತ್ತಿ ಒಂದು ಚೀಟಿ ಬರೆದುಕೊಟ್ಟರೆ ಸ್ಮಶಾನದವನು ಮಣ್ಣು ಮಾಡಿ ತನ್ನ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುತ್ತಿದ್ದ. ಆ ಪುಸ್ತಕದಲ್ಲಿ ಎಣಿಸಿದೆ, ಕಾಗದದ ಮೇಲೆ ನಾಲ್ಕು ಗೆರೆಗೆ ಒಂದು ಅಡ್ಡಗೆರೆ ಹಾಕುತ್ತ, ನಮ್ಮ ಆಫೀಸಿನ ಪದ್ಧತಿಯಲ್ಲಿ. ಮೊದಲ ವರ್ಷ ಸತ್ತು ಹುಟ್ಟಿದವು ನಲವತ್ನಾಲ್ಕು, ಐದನೇ ವರ್ಷ ತೊಂಬತ್ತೇಳು. ಪಟ್ಟಿಯಿಂದ ಮಾಯವಾದ ಮಕ್ಕಳೆಲ್ಲ ಇಲ್ಲಿ ಬಂದು ಮಲಗಿದ್ದವು.

ಸಾಕ್ಷಿ ಬೇಕಲ್ಲ. ಇನ್ನೊಂದು ಸಿ.ಡಿ.ಯಲ್ಲಿ ಅದೇ ಊರಿನ ಚರ್ಚಿನ ಪುಸ್ತಕವಿತ್ತು. ಸಾಯುವ ಹಾಗಿರುವ ಕೂಸಿಗೆ ಪಾದ್ರಿ ಮನೆಗೇ ಓಡಿಹೋಗಿ ನೀರು ಚಿಮುಕಿಸಿ ಹೆಸರಿಟ್ಟು ಬರುತ್ತಿದ್ದ. ಉಸಿರಿರುವ ಮಗುವಿಗೆ ಮಾತ್ರ. ಸತ್ತ ಮಗುವಿಗೆ ಯಾವ ಪಾದ್ರಿಯೂ ಹಾಗೆ ಮಾಡುವುದಿಲ್ಲ. ಎರಡು ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ತಾಯಿಯ ಹೆಸರು, ಬೀದಿ, ತಾರೀಖು ಹೊಂದಿಸಿದೆ. ಮಂಗಳವಾರ ಎಲೆನ್ ಎಂದು ಹೆಸರಿಡಿಸಿಕೊಂಡ ಕೂಸು, ಗುರುವಾರ ಸ್ಮಶಾನದ ಪುಸ್ತಕದಲ್ಲಿ ಹೆಸರಿಲ್ಲದೆ, ಸತ್ತು ಹುಟ್ಟಿದ್ದು ಎಂದಾಗಿ ಮಣ್ಣಾಗಿದೆ. ಹೀಗೆ ಐದನೇ ವರ್ಷ ಒಂದರಲ್ಲೇ ಮೂವತ್ತೊಂದು ಮಕ್ಕಳು ಸಿಕ್ಕವು.

ಪಿಲ್ಲಿಂಗ್ ಯಾರಿಗೂ ಸುಳ್ಳು ಬರೆಯಿರಿ ಎಂದು ಹೇಳಿರಲಾರ. ದೊಡ್ಡವರು ಹಾಗೆ ಹೇಳುವುದಿಲ್ಲ. ಹೆಚ್ಚು ಕೂಸು ಸತ್ತ ಸೂಲಗಿತ್ತಿಯ ಹೆಸರನ್ನು ಪರವಾನಗಿಯ ಪಟ್ಟಿಯಿಂದ ತೆಗೆಯಲಾಗುವುದು ಎಂದು ಅವನು ಒಂದು ನೋಟೀಸು ಹೊರಡಿಸಿದ್ದ. ಅಷ್ಟು ಸಾಕು. ಸೂಲಗಿತ್ತಿಗೂ ಮನೆಯಲ್ಲಿ ಒಲೆ ಉರಿಯಬೇಕು.

ನಮ್ಮಲ್ಲಿ ಅದಕ್ಕೆ ಮೆಮೊ ಎನ್ನುತ್ತಿದ್ದರು. ತಿಂಗಳ ಮೀಟಿಂಗಿನಲ್ಲಿ ಹೆಚ್ಚು ಕೂಸು ಸತ್ತ ಆರೋಗ್ಯ ಕೇಂದ್ರದ ಸಿಸ್ಟರನ್ನು ಎಲ್ಲರ ಮುಂದೆ ಎದ್ದು ನಿಲ್ಲಿಸಿ, "ಏನಮ್ಮಾ, ನಿಮ್ಮ ಏರಿಯಾದಲ್ಲಿ ಯಮ ಕ್ಯಾಂಪ್ ಹಾಕಿದಾನಾ?" ಎಂದು ನಮ್ಮ ಜಿಲ್ಲಾ ಆರೋಗ್ಯಾಧಿಕಾರಿ ಸಾಹೇಬರು ಕೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮುಂದಿನ ತಿಂಗಳು ಆ ಸಿಸ್ಟರ್ ಸರಿಯಾಗಿ ಬರೆದು ಕಳಿಸುತ್ತಿದ್ದಳು. ಯಾವಳಾದರೂ ಬುದ್ಧಿ ಇಲ್ಲದೆ ಇದ್ದದ್ದನ್ನು ಇದ್ದಂತೆ ಬರೆದರೆ ತಿದ್ದುವವಳು ನಾನು. ಏಳನೇ ಕಾಲಂ ಶಿಶು ಮರಣ, ಒಂಬತ್ತನೇ ಕಾಲಂ ನಿರ್ಜೀವ ಜನನ. ಏಳರಿಂದ ಒಂಬತ್ತಕ್ಕೆ ಎರಡು, ಕೆಲವು ತಿಂಗಳು ನಾಲ್ಕು ಮಕ್ಕಳನ್ನು ಸರಿಸುತ್ತಿದ್ದೆ. ಯಾರೂ ನನಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ನಾನು ಜಾಣೆ ಎಂದು ಹೆಸರಿತ್ತು.

ಒಂದು ಸಲ ದೇವೀರಮ್ಮ ಎಂಬ ಹೆಂಗಸು ಕಚೇರಿಗೆ ಬಂದಳು. ಕಲ್ಲುಕ್ವಾರಿಯಲ್ಲಿ ಜಲ್ಲಿ ಒಡೆಯುವವಳು. ಅವಳ ಮಗು ಒಂಬತ್ತು ದಿನ ಬದುಕಿತ್ತು. ಅದು ಹುಟ್ಟಿತು, ಸತ್ತಿತು ಎಂಬ ಒಂದು ಕಾಗದ ಬೇಕು ಎಂದು ಮೂರು ದಿನದಿಂದ ಅಲೆಯುತ್ತಿದ್ದಳಂತೆ. ನಾನು ರಿಜಿಸ್ಟರು ತೆಗೆದೆ. ಆ ತಿಂಗಳು ಒಂಬತ್ತನೇ ಕಾಲಮ್ಮಿಗೆ ಹೋಗಿದ್ದ ಮೂರರಲ್ಲಿ ಅದೂ ಒಂದು, ನನ್ನದೇ ಅಕ್ಷರ. ಹಿಂದೆ ಜನ ಕಾಯುತ್ತಿದ್ದರು, ನನಗೆ ಊಟದ ಹೊತ್ತಾಗಿತ್ತು. "ಹುಟ್ಟೇ ಇಲ್ದಿರೋ ಮಗುಗೆ ಸಾವಿನ ಸರ್ಟಿಫಿಕೇಟ್ ಎಲ್ಲಿಂದ ತರ್ಲಿ ನಾನು?" ಎಂದು ಕೇಳಿದೆ. ಅವಳು ಜಗಳ ಮಾಡಲಿಲ್ಲ. "ಒಂಬತ್ ದಿನ ನನ್ ಮೊಲೆ ಕುಡದೈತೆ ಕಣವ್ವ," ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಇದನ್ನು ನಾನು ಯಾರಿಗೂ ಹೇಳಿದವಳಲ್ಲ, ಗಂಡನಿಗೂ ಇಲ್ಲ. ಸ್ಕಾರ್‌ಬೆಕ್‌ನ ಮೂವತ್ತೊಂದು ಹೆಸರು ಬರೆದು ಮುಗಿಸಿದ ದಿನ, ಜೆರಾಕ್ಸ್ ಮೆಷಿನ್ನಿನ ಪಕ್ಕ ಕೂತು ಅತ್ತೆ. ಅತ್ತದ್ದು ಇಂಗ್ಲಿಷರ ಮಕ್ಕಳಿಗಲ್ಲ. ಇವರದ್ದನ್ನು ನಾಲ್ಕು ಜನರ ಮುಂದೆ ಹೇಳಿಬಿಟ್ಟರೆ ನಮ್ಮದನ್ನೂ ಹೇಳುವ ಧೈರ್ಯ ಬಂದೀತು ಎಂದು ಆಗ ಅನ್ನಿಸಿತು. ಹೇಳಲೇಬೇಕು ಎಂದು ನಿರ್ಧಾರ ಮಾಡಿದೆ.

ಶನಿವಾರ ಮಧ್ಯಾಹ್ನ ಪ್ರೊಫೆಸರರ ಮನೆಗೆ ಹೋದೆ. ಅವರ ಹೆಂಡತಿ ಸರಸಮ್ಮ ಬಿಸಿಬೇಳೆಬಾತ್ ಬಡಿಸಿ ಒಳಗೆ ಹೋದರು. ಗೋಪಿನಾಥರು ನನ್ನ ಪಟ್ಟಿಯನ್ನು ಓದಿದರು, ಎರಡು ಸಲ ಓದಿದರು. ಪೆದ್ದರಲ್ಲ ಅವರು, ನನಗಿಂತ ಬೇಗ ಅರ್ಥವಾಯಿತು. ಮುಖ ಮಾತ್ರ ಪೂಜೆಗೆ ಕೂತವರ ಹಾಗೆ ಶಾಂತವಾಗಿತ್ತು.

"ವೆರಿ ಗುಡ್ ವರ್ಕ್, ಕಾಂತಾಮಣಿ. ಆದ್ರೆ ನೋಡಿ, ಚರ್ಚ್ ರೆಕಾರ್ಡ್ಸ್ ನಮ್ಮ ಸ್ಕೋಪ್‌ನಲ್ಲೇ ಇಲ್ಲ."

"ಸ್ಕೋಪ್‌ನಲ್ಲಿ ಇಲ್ದಿದ್ರೂ ಮಕ್ಕಳು ಇದ್ವಲ್ಲಾ ಸಾರ್."

ನಕ್ಕರು. "ಇದ್ವು, ಇದ್ವು. ನಾನೇನು ಇಲ್ಲ ಅಂದ್ನೇ? ಒಂದು ಫುಟ್‌ನೋಟ್ ಹಾಕೋಣ. 'ಸಮ್ ಅಂಡರ್‌ರಿಜಿಸ್ಟ್ರೇಷನ್ ಕೆನಾಟ್ ಬಿ ರೂಲ್ಡ್ ಔಟ್.' ಎಲ್ಲೋ ಕೆಲವು ಬಿಟ್ಟುಹೋಗಿರಬಹುದು ಅಂತ. ಸಾಕಲ್ವಾ? ಆರು ವರ್ಷದ ಕೆಲಸ ಇದು." ಇನ್ನೊಂದು ಚಮಚ ತುಪ್ಪ ಹಾಕಿಕೊಂಡರು. "ಅಂದ ಹಾಗೆ ಜನವರಿಗೆ ನಿಮ್ಮ ವೆಯ್ಟಿಂಗ್ ಪೀರಿಯಡ್ ಮುಗಿಯುತ್ತಲ್ಲ? ಫೌಂಡೇಶನ್ ರಿನ್ಯೂ ಮಾಡಿದ್ರೆ ಒಂದು ಷ್ಟೆಲ್ಲೆ ಇರುತ್ತೆ. ನಿಮ್ಮ ಹೆಸರೇ ಹಾಕೋಣ ಅಂತಿದ್ದೆ."

ಷ್ಟೆಲ್ಲೆ ಎಂದರೆ ಹುದ್ದೆ. ನಿಜವಾದ ಹುದ್ದೆ, ಕಾಂಟ್ರಾಕ್ಟು, ನನ್ನ ಹೆಸರಿನ ಬಾಗಿಲು. ಬೆಣ್ಣೆ ಹಚ್ಚುವುದನ್ನೂ ಚಾಕು ತೋರಿಸುವುದನ್ನೂ ಒಂದೇ ಕೈಯಲ್ಲಿ ಇಷ್ಟು ನಾಜೂಕಾಗಿ ಮಾಡುವವರನ್ನು ನಮ್ಮ ಜಿಲ್ಲಾ ಕಚೇರಿಯಲ್ಲೂ ನಾನು ಕಂಡಿರಲಿಲ್ಲ. ನಮ್ಮ ಸಾಹೇಬರು ಕಡೇ ಪಕ್ಷ ಕೂಗಾಡುತ್ತಿದ್ದರು.

ಆ ಹುದ್ದೆ ನಮಗೆ ಎಷ್ಟು ಬೇಕಾಗಿತ್ತು ಎಂದು ಅವರಿಗೆ ಗೊತ್ತಿತ್ತು. ನನ್ನ ಗಂಡನ ಕಂಪನಿಯಲ್ಲಿ ಆಗಸ್ಟಿನಲ್ಲೇ ಅರ್ಧ ಜನರನ್ನು ಕಳಿಸಿದ್ದರು. ಗ್ರೀನ್ ಕಾರ್ಡು ಎಂಬುದು ಕೆಲಸಕ್ಕೆ ಕಟ್ಟಿದ ಹಗ್ಗ. ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ನಮ್ಮ ಮಗಳು ಇಳಾ ಎರಡನೇ ಕ್ಲಾಸು. ಏನು ಕೇಳಿದರೂ ಆಗಲೇ ಜರ್ಮನಿನಲ್ಲಿ ಉತ್ತರ ಕೊಡಲು ಶುರುಮಾಡಿದ್ದಳು.

ಗಂಡನಿಗೆ ಹೇಳಿದೆ, ಅರ್ಧ ಮಾತ್ರ, ಇಂಗ್ಲೆಂಡಿನದ್ದು. ಅವರು ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು.

"ನಿನಗೆ ತಲೆ ಕೆಟ್ಟಿದೆಯೇನೇ? ನೂರು ವರ್ಷದ ಹಿಂದೆ ಸತ್ತಿರೋ ಆ ಬಿಳಿ ಮಕ್ಕಳಿಗೋಸ್ಕರ ಈ ಮಗೂನ ಸ್ಕೂಲ್ ಬಿಡಿಸ್ತೀಯಾ?"

"ಸುಳ್ಳು ಕಣ್ರೀ ಅದು."

"ಯಾವುದು ಸುಳ್ಳಲ್ಲ ಹೇಳು. ನನ್ನ ರೆಸ್ಯೂಮೇಲಿ ಎಂಟು ವರ್ಷ ಎಕ್ಸ್‌ಪೀರಿಯೆನ್ಸ್ ಅಂತ ಇದೆ. ಐದೂವರೆ ಅದು. ಯಾರಾದ್ರೂ ಸತ್ರಾ?"

ಇಪ್ಪತ್ತನಾಲ್ಕು ಗಂಟೆಯೂ ಕಂಪ್ಯೂಟರಿನ ತಪ್ಪು ಹುಡುಕುವ ಮನುಷ್ಯ. ಇಳಾಳನ್ನು ಕರೆದು, "ನಾವು ವಾಪಸು ಊರಿಗೆ ಹೋದ್ರೆ ನಿಂಗೆ ಬೇಜಾರಾ ಪುಟ್ಟಾ?" ಎಂದು ಕೇಳಿದೆ. ಅವಳು ಭುಜ ಕುಣಿಸಿ, "ವೈಸ್ ಇಷ್ ನಿಷ್ಟ್," ಗೊತ್ತಿಲ್ಲ ಎಂದು ಜರ್ಮನಿನಲ್ಲಿ ಹೇಳಿ ಆಟಕ್ಕೆ ಹೋದಳು.

ಉಪನ್ಯಾಸದ ದಿನ ಬೆಳಿಗ್ಗೆ ಫ್ರಾಂಕ್‌ಫರ್ಟಿಗೆ ರೈಲಿನಲ್ಲಿ ಒಬ್ಬಳೇ ಹೋದೆ. ಪ್ರೊಫೆಸರು ಮೊದಲ ದರ್ಜೆಯಲ್ಲಿದ್ದರು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಇಂಗ್ಲಿಷಿನ ಎರಡು ವಾಕ್ಯ ಉರು ಹೊಡೆದೆ. ಮೂವತ್ತೊಂದು ಮಕ್ಕಳು ಜೀವಂತವಾಗಿ ಹುಟ್ಟಿದ್ದವು ಎಂಬುದು ಮೊದಲನೆಯದು. ನಿನಗೆ ಹೇಗೆ ಗೊತ್ತಾಯಿತು ಎಂದು ಯಾರಾದರೂ ಕೇಳಿದರೆ, ಹನ್ನೊಂದು ವರ್ಷ ನಾನೂ ಇದನ್ನೇ ಮಾಡಿದ್ದೇನೆ ಎಂಬುದು ಎರಡನೆಯದು. ಎರಡನೆಯದನ್ನು ಹೆಚ್ಚು ಸಲ ಹೇಳಿಕೊಂಡೆ. ಕೊನೆಗೆ ದಾರ್ಮ್‌ಸ್ಟಾಟ್ ಸ್ಟೇಷನ್ ದಾಟುವ ಹೊತ್ತಿಗೆ ಅದು ಸರಾಗವಾಯಿತು.

ಸಭಾಂಗಣದಲ್ಲಿ ನಲವತ್ತು ಜನ. ಎಲ್ಲರ ಮುಂದೆ ಗಾಜಿನ ಲೋಟ, ಗುಳ್ಳೆ ಬರುವ ನೀರು. ಭಾರತದವರು ಎಂದರೆ ನಾವಿಬ್ಬರೇ. ಗೋಪಿನಾಥರು ಚೆನ್ನಾಗಿ ಮಾತಾಡಿದರು. ಮಾತಾಡುವುದು ಅವರಿಗೆ ಬರುತ್ತದೆ. ಪಿಲ್ಲಿಂಗನ ಫೋಟೋ ಪರದೆಯ ಮೇಲೆ ಬಂತು, ಹಂದಿಯ ಹಾಗೆ ಕೊಬ್ಬಿದ ಕುತ್ತಿಗೆ, ಎದೆಯ ಮೇಲೆ ಪದಕ. ನನ್ನ ಗೆರೆ ಬಂತು. ಜನ ಮೆಚ್ಚಿ ತಲೆದೂಗಿದರು. ಫುಟ್‌ನೋಟು ಪರದೆಯ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬಂದು ಹೋಯಿತು.

ಮೊದಲ ಪ್ರಶ್ನೆ ಕೇಳಿದವರು ಫ್ರಾವ್ ಕೆಸ್ಲರ್, ಅಂದರೆ ಶ್ರೀಮತಿ ಕೆಸ್ಲರ್, ಎಂಬ ವಯಸ್ಸಾದ ಹೆಂಗಸು. ಪ್ರತಿಷ್ಠಾನದ ಸಮಿತಿಯಲ್ಲಿ ಅವರ ಮಾತೇ ನಡೆಯುವುದಂತೆ. ಚಿಕ್ಕವರಿದ್ದಾಗ ಸೂಲಗಿತ್ತಿಯಾಗಿದ್ದು ಆಮೇಲೆ ಇತಿಹಾಸ ಓದಿದವರು. "ಮೊದಲ ವಾರದ ಸಾವುಗಳನ್ನು ಬೇರೆಯಾಗಿ ನೋಡಿದ್ದೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಗೋಪಿನಾಥರು ಒಂದು ಗುಟುಕು ನೀರು ಕುಡಿದರು. ಆಮೇಲೆ ನನ್ನ ಕಡೆ ಕೈ ತೋರಿಸಿದರು. ರಿಜಿಸ್ಟರುಗಳನ್ನು ಸಾಲು ಸಾಲಾಗಿ ನೋಡಿದವರು ಇವರು, ಎಲ್ಲ ಸರಿಯಾಗಿದೆ ಎಂದು ಇವರೇ ಹೇಳಬಲ್ಲರು ಎಂದರು. ಉತ್ತರವನ್ನು ಪ್ರಶ್ನೆಯಲ್ಲೇ ಕಟ್ಟಿ ಕೊಟ್ಟರು.

ನಾನು ಎದ್ದು ನಿಂತು, ಸರಿಯಿಲ್ಲ ಎಂದೆ. ಭೇದಿಯ ಸಾವು, ಮೊದಲ ವಾರದ ಸಾವು, ಸ್ಮಶಾನದ ಪುಸ್ತಕ, ಚರ್ಚಿನ ಪುಸ್ತಕ, ಸೂಲಗಿತ್ತಿಯರಿಗೆ ಕೊಟ್ಟ ನೋಟೀಸು. ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಎಲೆನ್‌ಳಿಂದ ಹಿಡಿದು ಏಳೆಂಟು ಹೆಸರನ್ನು ತಾರೀಖಿನ ಜೊತೆ ಓದಿದೆ. ಹಾಲಿನ ಕೇಂದ್ರದಿಂದ ಉಳಿದ ಮಕ್ಕಳು ನಾಲ್ಕು, ಪೆನ್ನಿನಿಂದ ಉಳಿದವು ಐವತ್ತನಾಲ್ಕು ಎಂದು ಹೇಳಿ ಕೂತೆ. ಷ್ಟೆಲ್ಲೆ ಹೋಯಿತು, ಮನೆ ಹೋಯಿತು ಎಂದು ಕೈ ತೊಳೆದುಕೊಂಡೆ.

ಆಮೇಲೆ ಚಪ್ಪಾಳೆ ಶುರುವಾಯಿತು. ಜರ್ಮನರು ಮೇಜನ್ನು ಗೆಣ್ಣಿನಿಂದ ಕುಟ್ಟುತ್ತಾರೆ, ಅದು. ಅವರಿಗೆ ಎಷ್ಟು ಖುಷಿಯಾಗಿತ್ತು ಎಂದರೆ ಸರ್ಕಸ್ಸಿಗೆ ಬಂದ ಮಕ್ಕಳಿಗೂ ಅಷ್ಟು ಆಗಲಾರದು. ಪದಕದ ಸಾಹೇಬ ಬಿದ್ದನಲ್ಲ, ಅದೂ ಇಂಗ್ಲೆಂಡಿನವನು! ಗೋಪಿನಾಥರು ಹತ್ತು ಸೆಕೆಂಡಿನಲ್ಲಿ ಮಗ್ಗುಲು ಬದಲಾಯಿಸಿದರು. "ಇದೇ ನಮ್ಮ ಪುಸ್ತಕದ ಎರಡನೇ ಭಾಗ. ಶ್ರೀಮತಿ ಕಾಂತಾಮಣಿಯವರೂ ನಾನೂ ಸೇರಿ ಮುಂದಿನ ಹಂತದಲ್ಲಿ ಇದನ್ನೇ ಬೆಳೆಸಲಿದ್ದೇವೆ," ಎಂದರು. ಕಣ್ಣು ಮಿಟುಕಿಸದೆ ಹೇಳಿದರು. ಮುಂದಿನ ಸಾಲಿನಲ್ಲಿದ್ದವರು ಸಹಾಯ ಮುಂದುವರಿಸುವ ಮಾತನ್ನು ಅಲ್ಲೇ ತೆಗೆದರು. ಸುಳ್ಳಿನ ಮೇಲೆ ಆರು ವರ್ಷ ಬದುಕಿದವರಿಗೆ ಆ ಸುಳ್ಳು ಒಡೆದ ಮೇಲೂ ಇನ್ನು ಆರು ವರ್ಷ ಬದುಕುವುದಕ್ಕೆ ದಾರಿಯಾಯಿತು. ಥೂ ಎನ್ನಿಸಿತು. ನನ್ನ ಷ್ಟೆಲ್ಲೆಯೂ ಅದರಲ್ಲೇ ಉಳಿಯಿತು ಎಂದು ಅನ್ನಿಸಿ ಎದೆ ಹಗುರವೂ ಆಯಿತು.

ಫ್ರಾವ್ ಕೆಸ್ಲರ್ ಮಾತ್ರ ಮೇಜು ಕುಟ್ಟಲಿಲ್ಲ. ಗದ್ದಲ ನಿಂತ ಮೇಲೆ ಮತ್ತೆ ಕೈ ಎತ್ತಿದರು. ನನ್ನನ್ನೇ ನೋಡುತ್ತ ಮೆಲ್ಲಗೆ ಕೇಳಿದರು: "ಇಷ್ಟು ಜನ ವಿದ್ವಾಂಸರಿಗೆ ಕಾಣದ್ದು ನಿಮಗೆ ಹೇಗೆ ಕಂಡಿತು? ನಿಮ್ಮ ಊರಿನಲ್ಲೂ ಹೀಗೆ ಬರೆಯುತ್ತಿದ್ದರಾ?"

ಅವರ ಮುಖದಲ್ಲಿ ಕೊಂಕಿರಲಿಲ್ಲ. ಹೌದು ಎಂದಿದ್ದರೆ ಎದ್ದು ಬಂದು ನನ್ನ ಕೈ ಹಿಡಿಯುತ್ತಿದ್ದರೋ ಏನೋ. ರೈಲಿನಲ್ಲಿ ಉರು ಹೊಡೆದ ಎರಡನೇ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ನ್ಯಾಯವಾಗಿ ಅದನ್ನು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ, ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಿವಿ ಇರಲಿಲ್ಲ. ಆದರೆ ನಲವತ್ತು ಬೆಳ್ಳಗಿನ ಮುಖಗಳು ನನ್ನ ಕಡೆಗೇ ತಿರುಗಿದ್ದವು. ಇಂಡಿಯಾದಲ್ಲಿ ಹೀಗಂತೆ ಎಂದು ಇವರು ಕಾಫಿ ಕುಡಿಯುತ್ತ ಮಾತಾಡಿಕೊಳ್ಳುವುದು ಕಿವಿಗೆ ಕೇಳಿಸಿದ ಹಾಗಾಯಿತು. ನಮ್ಮವರ ಎದುರಾದರೆ ಹೇಳಬಹುದಿತ್ತು, ಇವರ ಎದುರು ಹೇಗೆ ಎಂದುಕೊಂಡೆ. ನಮ್ಮವರ ಎದುರು ಎಂದಾದರೂ ಹೇಳಿದ್ದೆನೇ?

"ಇಲ್ಲ ಮೇಡಂ," ಎಂದೆ. "ನಮ್ಮಲ್ಲಿ ಬಹಳ ಸ್ಟ್ರಿಕ್ಟು. ಹುಟ್ಟಿದ ಒಂದೊಂದು ಮಗುವನ್ನೂ ಬರೆಯುತ್ತೇವೆ. ಒಂದು ಗಂಟೆ ಬದುಕಿದ್ದರೂ ಬರೆಯುತ್ತೇವೆ. ಅದಕ್ಕೇ ನನಗೆ ಇದು ಬೇಗ ಕಾಣಿಸಿತು."

ಫ್ರಾವ್ ಕೆಸ್ಲರ್ ಇನ್ನೂ ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿ ನಾನು ಹೇಳಿದ್ದನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮೇಜುಗಳು ಮತ್ತೆ ಸದ್ದು ಮಾಡಿದವು, ಈ ಸಲ ಮೊದಲಿಗಿಂತ ಜೋರಾಗಿ. ಗೋಪಿನಾಥರು ಬಗ್ಗಿ ನನ್ನ ಕಿವಿಯ ಹತ್ತಿರ, "ನಮ್ಮ ಮಾನ ಉಳಿಸಿದ್ರಿ ಕಾಂತಾಮಣಿ," ಎಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಆ ಗಳಿಗೆಯಲ್ಲಿ ನನಗೆ ಬಹಳ ಸಂತೋಷವಾಯಿತು.